ಹೆಸರು ನಿಮ್ಮದು, ವಿಳಾಸ ಯಾರದು?



ಕೊಪ್ಪಳದ ಪೇಟೆಯಲ್ಲಿ ಒಂದು ಸುತ್ತು ಹಾಕಿ, ಅಂಗಡಿಗಳ ಬೋರ್ಡು ಓದುತ್ತಾ ಹೋಗಿ. ಗವಿಸಿದ್ಧೇಶ್ವರ ಕಿರಾಣಿ, ಗವಿಸಿದ್ಧೇಶ್ವರ ಟೇಲರ್ಸ್, ಗವಿಸಿದ್ಧೇಶ್ವರ ಹಿಟ್ಟಿನ ಗಿರಣಿ! ಗಂಗಾವತಿಗೆ ಹೋದರೆ ಅಲ್ಲಿಯೂ ಅದೇ ಹೆಸರು ನಾಲ್ಕು ಕಡೆ. ಕುಷ್ಟಗಿಯಲ್ಲಿ ಬಸವೇಶ್ವರ ಖಾನಾವಳಿ, ಯಲಬುರ್ಗಾದಲ್ಲೂ ಬಸವೇಶ್ವರ ಖಾನಾವಳಿ. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ಅಜ್ಜನ ಹೆಸರು, ದೇವರ ಹೆಸರು, ಎಲ್ಲರದೂ ಹೌದು. ಗಿರಾಕಿಗಳಿಗೂ ಗೊಂದಲವಿಲ್ಲ. "ಗಡಿಯಾರ ಕಂಬದ ಹಂತೇಕ ಐತಲ್ಲ, ಆ ಅಂಗಡಿ" ಎಂದರೆ ಮುಗಿಯಿತು.

ಆದರೆ ಇದೇ ಅಂಗಡಿಗಳು ಕಂಪ್ಯೂಟರಿನೊಳಗೆ, ಮೊಬೈಲಿನೊಳಗೆ ಬಾಗಿಲು ತೆರೆಯಹೊರಟರೆ ಕಥೆಯೇ ಬೇರೆ. ಅಲ್ಲಿ ಗಡಿಯಾರ ಕಂಬವಿಲ್ಲ, ಓಣಿಯಿಲ್ಲ, ಊರೂ ಇಲ್ಲ. ಒಂದು ಹೆಸರಿಗೆ ಇಡೀ ಪ್ರಪಂಚದಲ್ಲಿ ಒಂದೇ ಬಾಗಿಲು. ಆ ಹೆಸರಿನ ಮುಂದೆ 'ಡಾಟ್ ಕಾಮ್' ಎಂದೋ 'ಡಾಟ್ ಇನ್' ಎಂದೋ ಬಾಲ ಹಚ್ಚಿದ ವಿಳಾಸಕ್ಕೆ ಡೊಮೇನ್ ಹೆಸರು ಎನ್ನುತ್ತಾರೆ. ಮೊದಲು ಹೋಗಿ ಕೇಳಿದವರಿಗೆ ಅದು ಸಿಗುತ್ತದೆ. ಕೇಳಿದವರು ಕೊಪ್ಪಳದವರೋ ಕೆನಡಾದವರೋ, ಆ ಹೆಸರಿಗೂ ಅವರಿಗೂ ಏನು ಸಂಬಂಧ ಎಂದು ಕೊಡುವಾಗ ಯಾರೂ ವಿಚಾರಿಸುವುದಿಲ್ಲ. ಜಗಳವೆಲ್ಲ ಆಮೇಲೆ.

"ಇದೆಲ್ಲ ನಮಗ್ಯಾಕ್ರಿ? ನಾವೇನು ಕಂಪನಿ ಇಟ್ಟೇವೇನು?" ಎಂದಿರಾ? ತಡೆಯಿರಿ. ಖಡಕ್ ರೊಟ್ಟಿ ಬಡಿದು ಹುಬ್ಬಳ್ಳಿ, ಬೆಂಗಳೂರಿಗೆ ಕಳಿಸುವ ತಾಯಂದಿರು ನಮ್ಮ ಕಡೆ ಈಗ ಎಷ್ಟು ಮಂದಿ ಇದ್ದಾರೆ! ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಸಂಡಿಗೆ, ಹಪ್ಪಳ, ಕಸೂತಿ ಹಾಕಿದ ಕುಪ್ಪಸ – ಎಲ್ಲದಕ್ಕೂ ಒಂದು ಹೆಸರು, ಒಂದು ಚೀಟಿ, ಒಂದು ಫೋನ್ ನಂಬರು. ಸ್ತ್ರೀಶಕ್ತಿ ಸಂಘದ ಮೇಳಕ್ಕೆ ಹೋದರೆ ಮೇಜಿನ ಮೇಲೆಲ್ಲ ಹೆಸರುಗಳೇ.

ಯಲಬುರ್ಗಾ ಕಡೆಯ ಒಬ್ಬ ತಾಯಿ ಹೀಗೆ ಹತ್ತು ವರ್ಷದಿಂದ ಚಟ್ನಿ ಪುಡಿ ಮಾಡಿ ಮಾರುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಪೊಟ್ಟಣದ ಮೇಲಿನ ಹೆಸರು ನೋಡಿಯೇ ಜನ ಕೊಳ್ಳುತ್ತಾರೆ. ಕಾಲೇಜಿಗೆ ಹೋಗುವ ಮಗಳು ಒಂದು ದಿನ, "ಅವ್ವಾ, ನಾವೂ ಒಂದು ವೆಬ್‌ಸೈಟ್ ಮಾಡ್ಸೋಣು. ಮಂದಿ ಕುಂತಲ್ಲೇ ಚಟ್ನಿ ತರಿಸ್ಕೋತಾರ" ಎನ್ನುತ್ತಾಳೆ. ತಾಯಿ ಹೂಂ ಅಂದಳು. ಮಗಳು ನೋಡಿದರೆ ಆ ಹೆಸರಿನ ವಿಳಾಸ ಆಗಲೇ ಬೇರೆಯವರ ಕೈಯಲ್ಲಿದೆ. ಇಲ್ಲವೇ ವಿಳಾಸವೇನೋ ಸಿಕ್ಕಿತು, ಆದರೆ ಆರು ತಿಂಗಳಿಗೆ ಯಾವುದೋ ದೊಡ್ಡ ಊರಿನ ವಕೀಲರಿಂದ ನೋಟೀಸು ಬಂತು: 'ಈ ಹೆಸರು ನಮ್ಮ ಕಕ್ಷಿದಾರರ ಟ್ರೇಡ್‌ಮಾರ್ಕ್. ಕೂಡಲೇ ವಿಳಾಸ ಬಿಟ್ಟುಕೊಡಿ.'

ಹತ್ತು ವರ್ಷ ಕುಟ್ಟಿ, ಹುರಿದು, ಜರಡಿ ಹಿಡಿದು ಗಳಿಸಿದ ಹೆಸರು, ನೋಡಿ! ಚಟ್ನಿ ಹೋದರೆ ಮತ್ತೆ ಕುಟ್ಟಬಹುದು.

ಇಲ್ಲೊಂದು ವಿಷಯ ತಿಳಿದುಕೊಳ್ಳಬೇಕು. ಟ್ರೇಡ್‌ಮಾರ್ಕ್ ಬರೆದಿಡುವ ದಫ್ತರವೇ ಬೇರೆ, ಡೊಮೇನ್ ಹೆಸರು ಬರೆದಿಡುವ ದಫ್ತರವೇ ಬೇರೆ. ಟ್ರೇಡ್‌ಮಾರ್ಕಿನದು ಸರ್ಕಾರದ್ದು, 1999ರ ಟ್ರೇಡ್‌ಮಾರ್ಕ್ ಕಾಯಿದೆಯಂತೆ ನಡೆಯುವುದು. ಆ ಕಾಯಿದೆ ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ಡೊಮೇನ್ ಹೆಸರನ್ನು ಹಂಚುವವರು ರಿಜಿಸ್ಟ್ರಾರ್ ಎಂಬ ಖಾಸಗಿ ಕಂಪನಿಗಳು. ಒಂದರಲ್ಲಿ ಬರೆಸಿದರೆ ಇನ್ನೊಂದರಲ್ಲಿ ತಾನಾಗಿ ಹತ್ತುವುದಿಲ್ಲ. ಹೊಲದ ಪಹಣಿ ನಿಮ್ಮ ಹೆಸರಲ್ಲಿದ್ದ ಮಾತ್ರಕ್ಕೆ ರೇಷನ್ ಕಾರ್ಡಿನಲ್ಲಿ ಹೆಸರು ಬರುತ್ತದೆಯೆ? ಇದೂ ಹಾಗೆಯೇ.

ಇನ್ನೊಂದು ವ್ಯತ್ಯಾಸ. ಟ್ರೇಡ್‌ಮಾರ್ಕಿನಲ್ಲಿ ಸರಕು, ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಗೊಂಬೆ 28ನೆಯ ವರ್ಗ, ಹಾಲು 29, ಅಕ್ಕಿ 30. ಹೀಗಾಗಿ ಒಂದೇ ಹೆಸರು ಗೊಂಬೆ ಮಾಡುವವರಿಗೂ ಅಕ್ಕಿ ಮಾರುವವರಿಗೂ ಸಿಗಬಹುದು. ಆದರೆ ಡಾಟ್ ಕಾಮ್ ಇರುವುದು ಒಂದೇ! ಇಬ್ಬರಲ್ಲಿ ಒಬ್ಬರು ಬೇರೆ ಹೆಸರು ಹುಡುಕಲೇಬೇಕು.

ಹಾಗಾದರೆ ಮೊದಲು ಹೋಗಿ ಹಿಡಿದವರೇ ಗೆದ್ದರೆ? ಇಲ್ಲ. ಈ ಪ್ರಶ್ನೆಗೆ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ ಉತ್ತರ ಕೊಟ್ಟದ್ದು ನಮ್ಮ ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೇಳಿ.

ಸತ್ಯಂ ಇನ್ಫೋವೇ ಎಂಬ ಇಂಟರ್ನೆಟ್ ಕಂಪನಿ ಇತ್ತು. ತನ್ನ ಉದ್ದನೆಯ ಹೆಸರಿನಿಂದ ಅಷ್ಟಿಷ್ಟು ಅಕ್ಷರ ಹೆಕ್ಕಿ 'ಸಿಫಿ' ಎಂಬ ಹೊಸ ಮಾತನ್ನು ಕಟ್ಟಿಕೊಂಡಿತ್ತು. 1999ರಲ್ಲಿ ಸಿಫಿನೆಟ್ ಡಾಟ್ ಕಾಮ್, ಸಿಫಿಮಾಲ್ ಡಾಟ್ ಕಾಮ್ ಮುಂತಾದ ವಿಳಾಸಗಳನ್ನು ತೆಗೆದುಕೊಂಡಿತು. ಎರಡು ವರ್ಷದ ಮೇಲೆ ಸಿಫಿನೆಟ್ ಸೊಲ್ಯೂಷನ್ಸ್ ಎಂಬ ಇನ್ನೊಂದು ಕಂಪನಿ ಬಂತು. ಅದೂ ಇಂಟರ್ನೆಟ್ಟಿನಲ್ಲೇ ವ್ಯಾಪಾರ ಮಾಡುವುದು. ಅದರ ವಿಳಾಸದಲ್ಲಿಯೂ ಅದೇ ಸಿಫಿನೆಟ್. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಒಂದು 'ಎಫ್' ಹೆಚ್ಚಿಗೆ! ಕಿವಿಗೆ ಕೇಳಿದರೆ ಎರಡೂ ಒಂದೇ.

ಮೊದಲಿನವರು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಹೋದರು. ಕೋರ್ಟು ತಡೆಯಾಜ್ಞೆ ಕೊಟ್ಟಿತು. ಎರಡನೆಯವರು ಹೈಕೋರ್ಟಿಗೆ ಹೋದರು. ಇಬ್ಬರ ವ್ಯಾಪಾರವೂ ಬೇರೆ ಬೇರೆ, ತಡೆದರೆ ಎರಡನೆಯವರಿಗೇ ನಷ್ಟ ಹೆಚ್ಚು ಎಂದು ಹೈಕೋರ್ಟು ಆ ತಡೆಯನ್ನು ತೆಗೆದುಹಾಕಿತು. ಕೊನೆಗೆ ದಿಲ್ಲಿಗೆ ಹೋಯಿತು ಮೊಕದ್ದಮೆ. 'ನಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರ ಕೂಡಿಸಿ ಈ ಹೆಸರು ಕಟ್ಟಿದ್ದೇವೆ, ಕದ್ದದ್ದಲ್ಲ' ಎಂಬುದು ಎರಡನೆಯವರ ವಾದ. ಬುದ್ಧಿವಂತಿಕೆಯ ಮಾತೇ ಸರಿ. ಆದರೆ ನ್ಯಾಯಾಲಯ ಅದನ್ನು ನಂಬಲಿಲ್ಲ. 2004ರ ಮೇ 6ರಂದು ನ್ಯಾಯಮೂರ್ತಿ ರೂಮಾ ಪಾಲ್ ಅವರಿದ್ದ ಪೀಠ ಮೊದಲಿನ ತಡೆಯಾಜ್ಞೆಯನ್ನೇ ಎತ್ತಿಹಿಡಿಯಿತು. (ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಪೀಠ ಏರಿದ ಮೂರನೆಯ ಮಹಿಳೆ ಆಕೆ. ಇದು ಮೊಕದ್ದಮೆಗೆ ಸಂಬಂಧಪಡದ ಮಾತು, ಆದರೂ ಹೇಳದೆ ಇರಲಾರೆ.)

ಆ ತೀರ್ಪಿನಲ್ಲಿ ನಮಗೆ ಬೇಕಾದ ತಿರುಳು ಇಷ್ಟು. ಡೊಮೇನ್ ಹೆಸರು ಬರೀ ಮನೆ ನಂಬರಿದ್ದಂತೆ ಅಲ್ಲ, ಅದೂ ವ್ಯಾಪಾರದ ಹೆಸರೇ. ಅದಕ್ಕೆಂದೇ ಬೇರೆ ಕಾನೂನು ಇಲ್ಲದಿದ್ದರೂ ಟ್ರೇಡ್‌ಮಾರ್ಕಿನ ಕಾನೂನಿನಡಿಯೇ ಅದಕ್ಕೆ ರಕ್ಷಣೆ ಉಂಟು. ಒಬ್ಬರು ದುಡಿದು ಗಳಿಸಿದ ಹೆಸರಿನ ನೆರಳಲ್ಲಿ ನಿಂತು, ತನ್ನ ಸರಕನ್ನು ಅವರ ಸರಕೆಂದು ಗಿರಾಕಿ ತಿಳಿಯುವಂತೆ ಮಾಡಬಾರದು. ಈ ತಪ್ಪಿಗೆ ಕೋರ್ಟಿನ ಭಾಷೆಯಲ್ಲಿ 'ಪಾಸಿಂಗ್ ಆಫ್' ಎನ್ನುತ್ತಾರೆ. ನಮ್ಮ ಮಾತಿನಲ್ಲಿ, ನೆರೆಮನೆಯ ಉಪ್ಪಿನಕಾಯಿಯನ್ನು ತನ್ನ ಭರಣಿಗೆ ತುಂಬಿ ತನ್ನದೆನ್ನುವುದು ಒಂದು ಬಗೆಯ ಮೋಸವಾದರೆ, ತನ್ನ ಉಪ್ಪಿನಕಾಯಿಗೆ ನೆರೆಮನೆಯ ಚೀಟಿ ಅಂಟಿಸುವುದು ಇನ್ನೊಂದು ಬಗೆ. ಇದು ಎರಡನೆಯದು.

ಮತ್ತೊಂದು ಸಮಾಧಾನದ ಸಂಗತಿ. ಈ ಪಾಸಿಂಗ್ ಆಫ್ ದಾವೆ ಹೂಡಲು ನಿಮ್ಮ ಹೆಸರು ಟ್ರೇಡ್‌ಮಾರ್ಕ್ ಆಗಿ ನೋಂದಣಿ ಆಗಿರಲೇಬೇಕೆಂದಿಲ್ಲ. ನೀವು ಮೊದಲಿನಿಂದ ಆ ಹೆಸರಿನಲ್ಲಿ ಮಾರುತ್ತಿದ್ದೀರಿ, ಜನ ಆ ಹೆಸರನ್ನು ನಿಮ್ಮದೆಂದು ಗುರುತಿಸುತ್ತಾರೆ – ಇವನ್ನು ತೋರಿಸಬೇಕು. ತೋರಿಸುವುದು ಹೇಗೆ? ಅಲ್ಲೇ ಇರುವುದು ಕಷ್ಟ! ನಮ್ಮ ಹೆಣ್ಣುಮಕ್ಕಳು ಹಿಟ್ಟು ಅಳೆಯುವುದರಲ್ಲಿ ಒಂದು ಚಮಚ ತಪ್ಪುವುದಿಲ್ಲ, ಆದರೆ ಕಾಗದ ಇಟ್ಟುಕೊಳ್ಳುವುದೆಂದರೆ ಆಗದು. ಹಳೆಯ ಬಿಲ್ಲು ಒಲೆಗೆ, ಮೊದಲ ಸಲ ಅಚ್ಚು ಹಾಕಿಸಿದ ಚೀಟಿ ಕಸದ ಬುಟ್ಟಿಗೆ. ಹಾಗೆ ಮಾಡಬೇಡಿ. ಚೀಟಿ ಅಚ್ಚು ಹಾಕಿಸಿದ ಪ್ರೆಸ್ಸಿನ ರಸೀದಿ, ಮೇಳದಲ್ಲಿ ನಿಂತು ತೆಗೆಸಿದ ಫೋಟೋ, ಅಂಗಡಿಯವರು ಬರೆದುಕೊಟ್ಟ ಆರ್ಡರ್ ಚೀಟಿ, ಸಂಘದ ಠರಾವು ಪುಸ್ತಕದ ಪುಟ, ತಿನಿಸು ಮಾರುವವರಾದರೆ ಆಹಾರ ಸುರಕ್ಷತೆ ಇಲಾಖೆಯ ನೋಂದಣಿ ಪತ್ರ – ತಾರೀಖು ಇರುವ ಯಾವ ಕಾಗದವನ್ನೂ ಎಸೆಯಬಾರದು. ಮದುವೆ ಸೀರೆ ಇಡುವ ಟ್ರಂಕಿನಲ್ಲಿ ಇವಕ್ಕೂ ಒಂದು ಮೂಲೆ ಕೊಡಿ.

ಈಗ ಹೆಸರಿನ ಆಯ್ಕೆಗೆ ಬರೋಣ. ಅರ್ಧ ಜಗಳ ಹುಟ್ಟುವುದೇ ಇಲ್ಲಿ.

'ಸಿಫಿ' ಎಂಬುದು ಯಾವ ನಿಘಂಟಿನಲ್ಲೂ ಇಲ್ಲದ, ಕಟ್ಟಿ ಮಾಡಿದ ಮಾತು. ಅಂಥ ಹೆಸರಿಗೆ ಕಾನೂನಿನ ಬೇಲಿ ಗಟ್ಟಿ. ಅದೇ ದೇವರ ಹೆಸರು, ಊರಿನ ಹೆಸರು, ಸರಕಿನದೇ ಹೆಸರು ಇಟ್ಟುಕೊಂಡರೆ ಬೇಲಿ ಸಡಿಲು. 'ರುಚಿಯಾದ ಚಟ್ನಿ' ಎಂದು ಹೆಸರಿಟ್ಟು, ಇನ್ಯಾರೂ ತಮ್ಮ ಚಟ್ನಿಯನ್ನು ರುಚಿಯಾದದ್ದು ಎನ್ನಬಾರದೆಂದರೆ ಯಾರು ಕೇಳುತ್ತಾರೆ? 'ಗಂಗಾವತಿ ಅಕ್ಕಿ' ಎಂಬ ಮಾತನ್ನು ಒಬ್ಬ ವ್ಯಾಪಾರಿ ತನ್ನದೊಬ್ಬನದೇ ಎಂದರೆ ಆ ಸೀಮೆಯ ಗದ್ದೆಯವರೆಲ್ಲ ಎಲ್ಲಿಗೆ ಹೋಗಬೇಕು? ಸರಕಿನ ಗುಣ ಹೇಳುವ ಮಾತು, ಅದು ಬೆಳೆಯುವ ಊರು, ಇವನ್ನೇ ಹೆಸರಾಗಿ ಹಿಡಿದರೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ.

ಇದಕ್ಕೆ ನಮ್ಮ ಅಡುಗೆಮನೆಯ ಉದಾಹರಣೆಯೇ ಇದೆ. ದಿನ ಬೆಳಗಾದರೆ ಮನೆ ಬಾಗಿಲಿಗೆ ಬರುವ 'ನಂದಿನಿ' ಹಾಲು! ಕರ್ನಾಟಕದ ಹಾಲು ಮಹಾಮಂಡಳ ಆ ಹೆಸರನ್ನು ಹಿಡಿದದ್ದು 1985ರಲ್ಲಿ. 1989ರಿಂದ ಬೆಂಗಳೂರಿನಲ್ಲಿ 'ನಂದಿನಿ ಡಿಲಕ್ಸ್' ಎಂಬ ಹೋಟೆಲೂ ನಡೆಯುತ್ತಿತ್ತು. ಇಲ್ಲಿಯೂ ಇಂಗ್ಲಿಷಿನಲ್ಲಿ ಒಂದು 'ಎಚ್' ಹೆಚ್ಚು, ಕನ್ನಡದಲ್ಲಿ ಓದಿದರೆ ಎರಡೂ ಒಂದೇ. ಹೋಟೆಲಿನವರು ತಮ್ಮ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಹೋದಾಗ ಮಹಾಮಂಡಳ ಆಕ್ಷೇಪಿಸಿತು. ರಿಜಿಸ್ಟ್ರಿಯಲ್ಲಿ ಹೋಟೆಲಿನವರು ಗೆದ್ದರು, 2011ರಲ್ಲಿ ಮೇಲ್ಮನವಿ ಮಂಡಳಿಯಲ್ಲಿ ಸೋತರು, 2014ರಲ್ಲಿ ಹೈಕೋರ್ಟಿನಲ್ಲೂ ಸೋತರು. 2018ರ ಜುಲೈ 26ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದರು. ನಂದಿನಿ ಎಂದರೆ ಪುರಾಣದ ಹಸು, ದೇವಿಯ ಹೆಸರು, ಯಾರೋ ಹೊಸದಾಗಿ ಕಟ್ಟಿದ ಮಾತಲ್ಲ. ಹಾಲಿನವರ ಗುರುತು ಹಸು, ಹೋಟೆಲಿನವರ ಗುರುತು ದೀಪ. ಮಾರುವ ಸರಕೂ ಬೇರೆ. ಹಾಲು, ಹಾಲಿನ ಪದಾರ್ಥಗಳ ಮೇಲೆ ಆ ಹೆಸರು ಬೇಡವೆಂದು ಹೋಟೆಲಿನವರೇ ಬಿಟ್ಟುಕೊಟ್ಟಿದ್ದರು. ಹೀಗಾಗಿ ಎರಡೂ ಉಳಿದವು.

ಇದನ್ನು ಓದಿ, "ಹಂಗಾದ್ರ ನನ್ನ ಮಗಳ ಹೆಸರೂ ನಂದಿನಿನ. ನಾನೂ ನಂದಿನಿ ತುಪ್ಪ ಅಂತ ಮಾರ್ತೀನಿ" ಎಂದು ಎದ್ದೀರಿ ಮತ್ತೆ! ಆ ಹೋಟೆಲಿನವರಿಗೆ 1989ರಿಂದ ನಡೆಸಿದ ದಾಖಲೆಯಿತ್ತು, ಸರಕು ಬೇರೆಯಿತ್ತು, ದಿಲ್ಲಿಯವರೆಗೆ ಹೋಗುವ ಶಕ್ತಿಯಿತ್ತು. ಪಾಪ, ಮಗಳ ಹೆಸರೇನೋ ಮುದ್ದಾಗಿದೆ. ಆದರೆ ಅದು ಇನ್ನೊಬ್ಬರ ನೋಂದಾಯಿತ ಗುರುತಾಗಿದ್ದು, ಅವರು ಮಾರುವ ಸರಕನ್ನೇ ನೀವೂ ಮಾರಹೊರಟರೆ ಸಂಕಟ ತಪ್ಪದು. ಮಗಳ ಹೆಸರಿಗೆ ಅಜ್ಜಿಯ ಹೆಸರಿನ ತುಂಡು ಕೂಡಿಸಿ, ಇಲ್ಲ ಹೊಲದ ಹೆಸರು ಸೇರಿಸಿ. ನಮ್ಮಲ್ಲಿ ಒಂದೊಂದು ಹೊಲಕ್ಕೂ ಎಷ್ಟು ಚೆಂದದ ಹೆಸರಿರುತ್ತವೆ! ಯಾರ ಬಾಯಲ್ಲೂ ಇಲ್ಲದ ಹೆಸರು ನಿಮ್ಮದಾಗುತ್ತದೆ, ಡೊಮೇನೂ ಸುಲಭವಾಗಿ ಸಿಗುತ್ತದೆ.

ಸ್ವಂತ ಹೆಸರಿನ ಮಾತು ಬಂತು. ಅಮೆರಿಕದಲ್ಲಿ ಊಜಿ ನಿಸ್ಸಾನ್ ಎಂಬೊಬ್ಬರಿದ್ದರು. ನಿಸ್ಸಾನ್ ಅವರ ಮನೆತನದ ಹೆಸರು. 1991ರಿಂದ ನಿಸ್ಸಾನ್ ಕಂಪ್ಯೂಟರ್ ಎಂಬ ಸಣ್ಣ ವ್ಯಾಪಾರ, 1994ರಲ್ಲಿ ನಿಸ್ಸಾನ್ ಡಾಟ್ ಕಾಮ್ ಎಂಬ ವಿಳಾಸ. 1999ರಲ್ಲಿ ಜಪಾನಿನ ಕಾರು ಕಂಪನಿ ನಿಸ್ಸಾನ್ ಅವರ ಮೇಲೆ ದಾವೆ ಹೂಡಿತು. ವರ್ಷಗಟ್ಟಲೆ ನಡೆಯಿತು ಜಗಳ, ಲಕ್ಷಾಂತರ ಡಾಲರು ಕರಗಿತು. ತನ್ನದೇ ಹೆಸರು, ಪ್ರಾಮಾಣಿಕವಾಗಿ ಇಟ್ಟುಕೊಂಡದ್ದು, ಆದ್ದರಿಂದ ವಿಳಾಸವನ್ನು ಅವರು ಕಳೆದುಕೊಳ್ಳಲಿಲ್ಲ. ಆದರೆ ಅದರಲ್ಲಿ ಕಾರಿನ ಜಾಹೀರಾತು ಹಾಕಬಾರದೆಂದು ಕೋರ್ಟು ಕಟ್ಟು ಹಾಕಿತು. ಅಲ್ಲಿ ಜಾರಿದ್ದರು ಆತ. ಕಂಪ್ಯೂಟರಿನ ಅಂಗಡಿಯಲ್ಲಿ ಕಾರಿನ ಮಾತೇಕೆ? ನಮ್ಮ ಕಾಯಿದೆಯಲ್ಲೂ, ಒಳ್ಳೆಯ ಮನಸ್ಸಿನಿಂದ ತನ್ನ ಸ್ವಂತ ಹೆಸರನ್ನು ಬಳಸುವವರನ್ನು ತಡೆಯಲಾಗದು ಎಂಬ ಮಾತಿದೆ. 'ಒಳ್ಳೆಯ ಮನಸ್ಸಿನಿಂದ' ಎಂಬುದನ್ನು ಮರೆಯಬೇಡಿ.

ಕೆಟ್ಟ ಮನಸ್ಸು ಎಂದರೇನು ಎಂಬುದಕ್ಕೂ ಲೆಕ್ಕವಿದೆ. ದೊಡ್ಡವರ ಹೆಸರನ್ನು ಮೊದಲೇ ಹಿಡಿದಿಟ್ಟುಕೊಂಡು, 'ಇಷ್ಟು ಲಕ್ಷ ಕೊಡಿ, ಬಿಡುತ್ತೇನೆ' ಎಂದು ಕೂರುವವರಿದ್ದಾರೆ. ಸಂತೆಯಲ್ಲಿ ಟವೆಲ್ಲು ಹಾಸಿ ಜಾಗ ಹಿಡಿದು ಮಾರಿಕೊಳ್ಳುವವರಂತೆ. ನಮ್ಮ ಹುಡುಗರಿಗೂ ಇದರ ಗೀಳು ಹತ್ತುತ್ತದೆ, ಸುದ್ದಿಯಲ್ಲಿ ಓದಿ. ಬೇಡವೆಂದು ಹೇಳಿ ಅವರಿಗೆ. ಸುಮ್ಮನೆ ಒಂದು ಒಳ್ಳೆಯ ಶಬ್ದವನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು ತಪ್ಪಲ್ಲ. ಇನ್ನೊಬ್ಬರ ಗುರುತೆಂದು ಗೊತ್ತಿದ್ದೂ, ಅವರಿಗೇ ಮಾರಲೆಂದು ತೆಗೆದಿಡುವುದು ತಪ್ಪು.

ಇಂಥ ತಂಟೆ ಬಿಡಿಸಲು ಪ್ರತಿ ಸಲವೂ ಕೋರ್ಟಿಗೇ ಹೋಗಬೇಕಿಲ್ಲ. ಡಾಟ್ ಕಾಮ್ ಮುಂತಾದವಕ್ಕೆ 1999ರಿಂದ ಒಂದು ಅಂತರರಾಷ್ಟ್ರೀಯ ಪಂಚಾಯಿತಿ ವ್ಯವಸ್ಥೆ ಇದೆ. ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಂಥವರು ಅದನ್ನು ನಡೆಸುತ್ತಾರೆ. ಎಲ್ಲ ಕಾಗದದ ಮೇಲೆಯೇ, ಯಾರೂ ಜಿನೀವಾಕ್ಕೆ ಹೋಗಬೇಕಿಲ್ಲ. ಆದರೆ ಒಬ್ಬರೇ ಪಂಚರಿದ್ದರೂ ದೂರು ಕೊಡುವವರು ಕಟ್ಟಬೇಕಾದದ್ದು 1,500 ಡಾಲರು. ಚಟ್ನಿ ಮಾರಿ ಅಷ್ಟು ಕಟ್ಟುವುದು ನಮ್ಮವರಿಂದಾದೀತೆ? ಡಾಟ್ ಇನ್ ವಿಳಾಸಗಳಿಗೆ ನಮ್ಮ ದೇಶದ್ದೇ ವ್ಯವಸ್ಥೆ ಬೇರೆ ಇದೆ. ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಎಂಬ ಸಂಸ್ಥೆಗೆ ದೂರು ಹೋಗುತ್ತದೆ, ಅವರು ಒಬ್ಬ ಮಧ್ಯಸ್ಥರನ್ನು ನೇಮಿಸುತ್ತಾರೆ. ಎರಡು ಕಡೆಯೂ ಕೇಳುವುದು ಹೆಚ್ಚುಕಡಿಮೆ ಒಂದೇ: ಹೆಸರು ದೂರುದಾರರ ಗುರುತಿಗೆ ಗೊಂದಲವಾಗುವಷ್ಟು ಹತ್ತಿರವೆ? ವಿಳಾಸ ಹಿಡಿದವರಿಗೆ ಆ ಹೆಸರಿನ ಮೇಲೆ ಏನಾದರೂ ನ್ಯಾಯವಾದ ಹಕ್ಕಿದೆಯೆ? ಅವರ ಮನಸ್ಸಿನಲ್ಲಿ ಮೋಸವಿತ್ತೆ? ಹತ್ತು ವರ್ಷದಿಂದ ಅದೇ ಹೆಸರಲ್ಲಿ ಚಟ್ನಿ ಮಾರಿದ ತಾಯಿಗೆ ಎರಡನೆಯ ಪ್ರಶ್ನೆಗೆ ಟ್ರಂಕಿನಲ್ಲೇ ಉತ್ತರವಿದೆ.

ನೋಟೀಸು ಬಂದರೆ ಎದೆ ಒಡೆದುಕೊಳ್ಳಬೇಡಿ. ಹಾಗೆಂದು ದೇವರ ಪಟದ ಹಿಂದೆ ಸಿಕ್ಕಿಸಿ ಮರೆಯಲೂಬೇಡಿ. ಡಾಟ್ ಕಾಮ್ ಪಂಚಾಯಿತಿಯಿಂದ ಬಂದ ದೂರಿಗೆ ಉತ್ತರ ಕೊಡಲು ಇರುವುದು 20 ದಿನ. ಉತ್ತರವೇ ಹೋಗದಿದ್ದರೆ ಎದುರಿನವರ ಮಾತೊಂದನ್ನೇ ಕೇಳಿ ತೀರ್ಮಾನವಾಗುತ್ತದೆ. ಅಷ್ಟೇ ಮುಖ್ಯವಾದದ್ದು, ಸಿಟ್ಟಿನಲ್ಲೋ ಹೆದರಿಕೆಯಲ್ಲೋ ಮೊಬೈಲಿನಿಂದ 'ಐವತ್ತು ಸಾವಿರ ಕೊಟ್ಟರೆ ಬಿಡುತ್ತೇವೆ' ಎಂದು ಸಂದೇಶ ಕಳಿಸಿಬಿಡಬೇಡಿ. ಆ ಒಂದು ಸಾಲೇ ನಿಮ್ಮ ಮನಸ್ಸು ಕೆಟ್ಟದ್ದೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲಬಹುದು.

"ವಕೀಲರಿಗೆ ಕೊಡಾಕ ರೊಕ್ಕ ಎಲ್ಲೈತ್ರಿ ಅಕ್ಕಾರ?" ಎಂಬ ಮಾತು ನನಗೆ ಕೇಳಿಸುತ್ತಿದೆ. ಬಹಳ ಮಂದಿಗೆ ಗೊತ್ತಿಲ್ಲದ ಒಂದು ಅನುಕೂಲ ಹೇಳುತ್ತೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಂತೆ ಉಚಿತ ಕಾನೂನು ನೆರವಿಗೆ ಅರ್ಹರಾದವರಲ್ಲಿ ಮಹಿಳೆಯರೂ ಇದ್ದಾರೆ, ಅವರ ವರಮಾನ ಎಷ್ಟೇ ಇರಲಿ. ಕೊಪ್ಪಳದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ತಮ್ಮ ತಾಲೂಕಿನ ಕೋರ್ಟಿನಲ್ಲಿ ತಾಲೂಕು ಸಮಿತಿಯನ್ನು ವಿಚಾರಿಸಬಹುದು. ನೋಟೀಸನ್ನೂ ನಿಮ್ಮ ಕಾಗದಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಚಿಕೆ ಏತಕ್ಕೆ? ನಿಮ್ಮ ಹಕ್ಕು ಅದು.

ವ್ಯಾಪಾರ ಸ್ವಲ್ಪ ಕುದುರಿದೆ ಎಂದಾದರೆ ಟ್ರೇಡ್‌ಮಾರ್ಕ್ ಮಾಡಿಸಿಬಿಡುವುದೇ ಮೇಲು. ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ತಾಣದಲ್ಲಿ ಆ ಹೆಸರು ಬೇರೆ ಯಾರದಾದರೂ ಇದೆಯೇ ಎಂದು ಹುಡುಕಿ ನೋಡಬೇಕು. ಇದಕ್ಕೆ ದುಡ್ಡಿಲ್ಲ. ಪಿ.ಯು. ಓದುವ ಮಕ್ಕಳಿದ್ದರೆ ಅರ್ಧ ಗಂಟೆಯ ಕೆಲಸ. ಹುಡುಕುವಾಗ ಅಕ್ಷರ ಒಂದನ್ನೇ ನೋಡದೆ, ಉಚ್ಚಾರದಲ್ಲಿ ಹತ್ತಿರವಿರುವ ಹೆಸರುಗಳನ್ನೂ ನೋಡಬೇಕು. ಒಂದು 'ಎಫ್', ಒಂದು 'ಎಚ್' ಏನೇನು ಮಾಡಿದವೆಂದು ನೋಡಿದಿರಲ್ಲ! ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ಅಲ್ಲಿ ಒಪ್ಪಿದರೆ ಟ್ರೇಡ್‌ಮಾರ್ಕ್ ಜರ್ನಲಿನಲ್ಲಿ ಪ್ರಕಟಿಸುತ್ತಾರೆ. ಯಾರಿಗಾದರೂ ತಕರಾರಿದ್ದರೆ ಎತ್ತಲು ನಾಲ್ಕು ತಿಂಗಳು. ನೋಂದಣಿ 10 ವರ್ಷದ್ದು, ಆಮೇಲೆ ಮತ್ತೆ ಮತ್ತೆ ಮುಂದುವರಿಸಬಹುದು. ನೋಂದಾಯಿತ ಗುರುತಿನ ಇನ್ನೊಂದು ಲಾಭ ಕೇಳಿ. ಅದನ್ನು ಯಾರಾದರೂ ಕದ್ದರೆ, ಕದ್ದವರ ಊರು ಹುಡುಕಿ ಹೋಗಬೇಕಿಲ್ಲ. ನೀವು ವಾಸವಿರುವ ಅಥವಾ ವ್ಯಾಪಾರ ಮಾಡುವ ಜಾಗ ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೆಯೋ ಅಲ್ಲೇ ದಾವೆ ಹೂಡಬಹುದು, ಜಿಲ್ಲಾ ಮಟ್ಟಕ್ಕಿಂತ ಕೆಳಗಿನ ಕೋರ್ಟಿನಲ್ಲಿ ಮಾತ್ರ ಆಗದು. ಇನ್ನು, ಪೊಟ್ಟಣದ ಮೇಲೆ ಚೆಂದ ಕಾಣಲೆಂದು ಉಂಗುರದೊಳಗೆ 'ಆರ್' ಅಕ್ಷರ ಅಚ್ಚು ಹಾಕಿಸುವ ಚಟ ಕೆಲವರಿಗೆ. ನೋಂದಣಿ ಆಗದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಪ್ರೆಸ್ಸಿನವರು ಸುಮ್ಮನೆ ಸೇರಿಸಿದ್ದರೆ ತೆಗೆಸಿಬಿಡಿ.

ಕಿನ್ನಾಳದ ಅಕ್ಕತಂಗಿಯರಿಗೆ ಒಂದು ಮಾತು. ನಿಮ್ಮೂರಿನ ಗೊಂಬೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಇದೆ. ಅದು ಒಬ್ಬರ ಟ್ರೇಡ್‌ಮಾರ್ಕ್ ಅಲ್ಲ, ಆ ಕೆಲಸ ಮಾಡುವವರೆಲ್ಲರ ಒಟ್ಟು ಸೊತ್ತು. ನಾಳೆ ಯಾವುದೋ ದೂರದ ಊರಿನವರು ನಿಮ್ಮೂರ ಹೆಸರಿನ ವಿಳಾಸ ತೆಗೆದುಕೊಂಡು, ಯಂತ್ರದಲ್ಲಿ ಮಾಡಿದ ಗೊಂಬೆಯನ್ನು ಕಿನ್ನಾಳದ್ದೆಂದು ಮಾರಿದರೆ ಕೇಳುವ ಹಕ್ಕು ಕಾನೂನಿನಲ್ಲಿದೆ. ಕೇಳಬೇಕಾದರೆ ಮೊದಲು ಕಣ್ಣಿಟ್ಟಿರಬೇಕು, ಅಷ್ಟೆ.

ಇಷ್ಟು ಹೊತ್ತು ಹೊರಗಿನವರ ಕಾಟದ ಮಾತಾಯಿತು. ನಮ್ಮ ಊರುಗಳಲ್ಲಿ ಹೆಸರು ಕೈತಪ್ಪುವುದಕ್ಕೆ ಇನ್ನೊಂದು ದಾರಿ ಇದೆ, ಅದು ಮನೆಯೊಳಗಿನದು. ವೆಬ್‌ಸೈಟ್ ಮಾಡಿಸಲು ಯಾರಿಗೆ ಹೇಳುತ್ತೀರಿ? ಕಂಪ್ಯೂಟರ್ ಕಲಿತ ಮೈದುನನಿಗೆ, ಅಳಿಯನಿಗೆ, ಇಲ್ಲ ಪೇಟೆಯ ಕಂಪ್ಯೂಟರ್ ಸೆಂಟರಿನ ಹುಡುಗನಿಗೆ. ಆತ ತನ್ನ ಹೆಸರು, ತನ್ನ ಇ-ಮೇಲು, ತನ್ನ ಫೋನ್ ನಂಬರು ಕೊಟ್ಟು ವಿಳಾಸ ತೆಗೆದುಬಿಡುತ್ತಾನೆ. ಮೋಸಕ್ಕಲ್ಲ, ಅನುಕೂಲಕ್ಕೆ. ದಾಖಲೆಯಲ್ಲಿ ಮಾತ್ರ ಅದು ಆತನದೇ. ಆತ ಕೆಲಸಕ್ಕೆಂದು ಪುಣೆಗೆ ಹೋದ, ಫೋನ್ ನಂಬರು ಬದಲಾಯಿತು. ಅಥವಾ, ದೇವರು ಮಾಡದಿರಲಿ, ಮನೆಯಲ್ಲಿ ಪಾಲಾಯಿತು. ಆಗ? ದುಡಿದದ್ದು ನಾನೇ ಎಂದು ತೋರಿಸಿ ಬಿಡಿಸಿಕೊಳ್ಳಬಹುದು, ಆದರೆ ಮನೆಯವರ ಮೇಲೆ ಕೋರ್ಟು ಹತ್ತುವುದು ನಮ್ಮ ಹೆಣ್ಣುಮಕ್ಕಳಿಂದ ಆಗುವ ಮಾತೆ? ಸುಮ್ಮನಾಗಿಬಿಡುತ್ತಾರೆ. ಹೆಸರು ಹೋಗುತ್ತದೆ.

ಆದ್ದರಿಂದ ಮೊದಲ ದಿನವೇ ಪ್ರೀತಿಯಿಂದಲೇ ಹೇಳಿ. "ತಮ್ಮಾ, ಮಾಡೋದು ನೀನ ಮಾಡು, ಹೆಸರು ಮಾತ್ರ ನಂದು ಬರೀ." ನಿಮ್ಮದೇ ಇ-ಮೇಲು, ನಿಮ್ಮದೇ ಮೊಬೈಲು. ದುಡ್ಡು ನಿಮ್ಮ ಬ್ಯಾಂಕ್ ಖಾತೆಯಿಂದಲೇ ಹೋಗಲಿ, ರಸೀದಿ ನಿಮ್ಮ ಹೆಸರಿಗೇ ಬರಲಿ. ಪಾಸ್‌ವರ್ಡನ್ನು ಅಡುಗೆ ಲೆಕ್ಕದ ಪುಸ್ತಕದಲ್ಲಿ ಬರೆಯಬೇಡಿ, ಆದರೆ ಎಲ್ಲಿ ಬರೆದಿದ್ದೀರೆಂದು ಮಗಳಿಗೆ ಗೊತ್ತಿರಲಿ. ಸಂಘದ ಹೆಸರಲ್ಲಿ ವ್ಯಾಪಾರವಿದ್ದರೆ ವಿಳಾಸವೂ ಸಂಘದ ಹೆಸರಲ್ಲೇ ಇರಲಿ, ಅಧ್ಯಕ್ಷೆಯ ಸ್ವಂತ ಹೆಸರಲ್ಲಿ ಬೇಡ. ಅಧ್ಯಕ್ಷೆ ಬದಲಾಗುತ್ತಾರೆ. ಈಗಾಗಲೇ ಬೇರೆಯವರ ಹೆಸರಲ್ಲಿ ತೆಗೆದಾಗಿದೆಯೆ? ಎಲ್ಲರೂ ನಗುನಗುತ್ತಾ ಇರುವಾಗಲೇ ವರ್ಗ ಮಾಡಿಸಿಕೊಳ್ಳಿ. ಅದಕ್ಕೆ ಹೆಚ್ಚು ಖರ್ಚೂ ಇಲ್ಲ, ಹೊತ್ತೂ ಬೇಡ.

ಮತ್ತೆ, ಡೊಮೇನ್ ಕೊಂಡೆವು ಎನ್ನುತ್ತೇವಲ್ಲ, ಅದು ಕೊಂಡದ್ದಲ್ಲ, ಬಾಡಿಗೆಗೆ ಹಿಡಿದದ್ದು. ಒಂದು ವರ್ಷಕ್ಕೂ ಹಿಡಿಯಬಹುದು, ಒಮ್ಮೆಗೆ ಹತ್ತು ವರ್ಷಕ್ಕೂ ಹಿಡಿಯಬಹುದು. ವಾಯಿದೆ ಮುಗಿದು, ಕೊಡುವ ಅಷ್ಟಿಷ್ಟು ಸವಲತ್ತಿನ ದಿನಗಳೂ ಕಳೆದರೆ, ಆ ಹೆಸರು ಮತ್ತೆ ಸಂತೆಗೆ ಬರುತ್ತದೆ. ಹಾಗೆ ಬಿದ್ದ ಹೆಸರುಗಳನ್ನು ಹೆಕ್ಕಲೆಂದೇ ಕಾದು ಕೂತವರಿದ್ದಾರೆ. ನೆನಪಿಸುವ ಸಂದೇಶ ಇ-ಮೇಲಿಗೆ ಬರುತ್ತದೆ, ನಾವು ಇ-ಮೇಲು ನೋಡುವುದು ಯುಗಾದಿಗೊಮ್ಮೆ! ಗ್ಯಾಸ್ ಸಿಲಿಂಡರು ಬಂದ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೀರಲ್ಲ, ಅಲ್ಲೇ ಇದರ ವಾಯಿದೆಗೂ ಒಂದು ತಿಂಗಳು ಮುಂಚೆ ಕೆಂಪು ಶಾಯಿಯಲ್ಲಿ ಒಂದು ಗುರುತು ಹಾಕಿಡಿ. ಹೊಸ ವರ್ಷದ ಕ್ಯಾಲೆಂಡರು ತಂದಾಗ ಮೊದಲು ಆ ಗುರುತನ್ನು ಇಳಿಸಿಕೊಂಡು, ಆಮೇಲೆ ಹಳೆಯದನ್ನು ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕಲು ಕೊಡಿ.